ಕೇಶವಿನ್ಯಾಸವೂ ಶ್ರಾವಕನ ವಿವೇಕವೂ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ. ಕ್ಷೌರಿಕನನ್ನು ಯಾಚಿಸಬಾರದು, ಕತ್ತಿಯನ್ನು ಇರಿಸಿಕೊಳ್ಳಬಾರದು, ಕೂದಲಲ್ಲಿ ಹೇನು ಹುಟ್ಟಿ ಜೀವಹಿಂಸೆಗೆ ಎಡೆಯಾಗಬಾರದು ಎಂಬುದು ಇದರ ಆಶಯ. ಗೃಹಸ್ಥನಿಗೆ ಈ ನಿಯಮವಿಲ್ಲ. ಹಾಗಾದರೆ ಅವನ ತಲೆಗೂದಲಿಗೂ ಧರ್ಮಕ್ಕೂ ಸಂಬಂಧವೇ ಇಲ್ಲವೇ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ನಮ್ಮ ಕಮಲಾಪುರದ ಒಂದು ಕ್ಷೌರದಂಗಡಿಯಲ್ಲಿ. ಕಾಲೇಜು ಸೇರಿದ ಮೊಮ್ಮಗನಿಗೆ ‘ಅಂಡರ್‌ಕಟ್’ ಬೇಕಿತ್ತು. ಪಕ್ಕ ಮತ್ತು ಹಿಂಭಾಗವನ್ನು ಮಷೀನಿನಿಂದ ತೀರ ಚಿಕ್ಕದಾಗಿಸಿ, ನೆತ್ತಿಯ ಕೂದಲನ್ನು ಮಾತ್ರ ಉದ್ದವಾಗಿ ಉಳಿಸುವ ರೀತಿಯದು. ಇದು ಶ್ರಾವಕರ ಮನೆಯ ಹುಡುಗನ ವೇಷವಲ್ಲವೆಂದೆ. “ಅಜ್ಜಾ, ನೀವು ಹದಿನೈದು ದಿನಕ್ಕೊಮ್ಮೆ ಕೂದಲಿಗೆ ಕಪ್ಪು ಹಚ್ಚುತ್ತೀರಲ್ಲ, ಅದು ಯಾವ ವೇಷ?” ಎಂದ. ಬಿ.ಕಾಂ. ಓದಿ ನಲವತ್ತು ವರ್ಷ ಅಂಗಡಿಯ ಲೆಕ್ಕ ಬರೆದವನಿಗೆ ಆ ಒಂದು ಖಾತೆಯ ಜಮಾ-ಖರ್ಚು ಹೊಂದಲಿಲ್ಲ. ಎಂಟು ಮದಗಳಲ್ಲಿ ಶರೀರಮದವೂ ಒಂದೆಂದು ಪರರಿಗೆ ಹೇಳುತ್ತ ಬಂದವನು ನಾನೇ.

ಶಾಂತವಾಗಿ ವಿಚಾರಿಸಿದಾಗ, ಕೂದಲಿನ ಆಕಾರದಲ್ಲಿ ದೋಷವೇನೂ ಕಾಣಲಿಲ್ಲ. ಶಿಲ್ಪಿಗಳು ವೃಷಭನಾಥರ ಹೆಗಲ ಮೇಲೆ ಜಟೆ ಇಳಿಬಿಟ್ಟಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ತಲೆಯಲ್ಲಿ ಗುಂಗುರುಗಳನ್ನು ಕಡೆದಿದ್ದಾರೆ. ಆಯ್ಕೆಯಲ್ಲಿ ಮಾತ್ರ ವಿವೇಕ ಬೇಕು. ದುಂಡು ಮುಖಕ್ಕೆ ಮೇಲೆ ಸ್ವಲ್ಪ ಎತ್ತರವಿದ್ದರೆ ಒಪ್ಪುತ್ತದೆ. ನೀಳ ಮುಖಕ್ಕೆ ಪಕ್ಕವನ್ನು ಬಹಳ ಬೋಳಿಸಿದರೆ ಮುಖ ಇನ್ನೂ ನೀಳವಾಗುತ್ತದೆ. ನೆತ್ತಿಯಲ್ಲಿ ಸುಳಿಯಿದ್ದರೆ ಅಲ್ಲಿ ಉದ್ದ ಬಿಡಬೇಕು, ಇಲ್ಲವಾದರೆ ಕೂದಲು ಎದ್ದು ನಿಲ್ಲುತ್ತದೆ. ಮಷೀನಿನ ಒಂದನೇ ನಂಬರು ಸುಮಾರು 3 ಮಿಲಿಮೀಟರ್ ಉಳಿಸುತ್ತದೆ, ಮೂರನೆಯದು 10. ತೆಳುಗೂದಲಿನವನು ಮೂರರಲ್ಲಿ ಆರಂಭಿಸುವುದು ಲೇಸು. ಕಡಿಮೆಯಾಗಿಸಲು ಆಮೇಲೂ ಬರುತ್ತದೆ, ಹೆಚ್ಚಿಸಲು ಬಾರದು. ಗಿರಾಕಿಯ ಮೈಗೆ ತಕ್ಕ ಬಟ್ಟೆ ತೋರಿಸುವ ವ್ಯಾಪಾರಿಗೆ ಇದು ಹೊಸ ಮಾತೇನಲ್ಲ.

ದೋಷವಿರುವುದು ಬೇರೆಡೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಮೂರು ವಾರದಲ್ಲಿ ಪಕ್ಕದ ಅಂದ ಕೆಡುತ್ತದೆ. ಸಾಧಾರಣ ಕ್ಷೌರ ಎರಡು ತಿಂಗಳು ತಾಳುತ್ತದೆ. ಮುನಿಯು ಪರಾಧೀನತೆಯನ್ನು ತಪ್ಪಿಸಲು ಕೂದಲನ್ನು ಕೀಳುತ್ತಾನೆ. ಇಲ್ಲಿ ಅರ್ಧ ಬೋಳಿಸಿಕೊಂಡೂ ಪರಾಧೀನತೆ ಹೆಚ್ಚುತ್ತದೆ! ಭೋಗೋಪಭೋಗ ಪರಿಮಾಣ ವ್ರತವನ್ನು ನೆನೆಯಬೇಕಾದ ಸ್ಥಳವಿದು.

ಇನ್ನೊಂದು, ಇದಕ್ಕಿಂತ ಗಂಭೀರವಾದುದು. ಮೇಲಿನ ಕೂದಲನ್ನು ನಿಲ್ಲಿಸಲು ಹಚ್ಚುವ ಹಲವು ವ್ಯಾಕ್ಸ್, ಪೊಮೇಡುಗಳಲ್ಲಿ ಜೇನುಮೇಣವಿರುತ್ತದೆ. ಕೆಲವದರಲ್ಲಿ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೋಲಿನ್. ಡಬ್ಬಿಯ ಮೇಲೆ ‘ಸೆರಾ ಆಲ್ಬಾ’ ಎಂದಿದ್ದರೆ ಅದು ಜೇನುಮೇಣವೇ. ಮದ್ಯ, ಮಾಂಸಗಳೊಡನೆ ಮಧುವನ್ನೂ ತ್ಯಜಿಸಿದವನು ಅದೇ ಹುಟ್ಟಿನ ಮೇಣವನ್ನು ತಲೆಗೆ ಹಚ್ಚುವುದು ಹೇಗೆ? ಇದನ್ನು ಕೇಳಿ ಹುಡುಗ ಮೌನವಾದ. ಮರುದಿನ ಅವನಜ್ಜಿಯೇ ಉಪಾಯ ತೆಗೆದಳು. ನಮ್ಮ ಸೀಮೆಯ ಅಗಸೆಬೀಜವನ್ನು ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿದರೆ ಲೋಳೆ ಸಿಗುತ್ತದೆ. ಒದ್ದೆಗೂದಲಿಗೆ ಅದನ್ನು ಸವರಿ ಹಿಂದಕ್ಕೆ ಬಾಚಿದರೆ ಸಂಜೆಯವರೆಗೂ ನಿಲ್ಲುತ್ತದೆ. ಕೆಡುವ ವಸ್ತುವಾದ್ದರಿಂದ ಅಂದಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು.

ಅವನು ಮೂರನೇ ನಂಬರಿಗೆ ಒಪ್ಪಿದ. ಐದು ವಾರಕ್ಕೊಮ್ಮೆ ಮಾತ್ರ ಕ್ಷೌರವೆಂದು ತಾನೇ ನಿಯಮ ಮಾಡಿಕೊಂಡ. ನನ್ನ ಹದಿನೈದನೆಯ ದಿನ ಮೊನ್ನೆ ಕಳೆಯಿತು. ಕಪ್ಪಿನ ಡಬ್ಬಿ ಕಪಾಟಿನಲ್ಲಿದೆ. ತೆರೆದಿಲ್ಲ, ಎಸೆದೂ ಇಲ್ಲ.