ಅವಧಿ ಮೀರಿದ ಋಣ

ಕೈಸಾಲದ ವಸೂಲಿ ದಾವೆಗೆ ಕಾನೂನು ಕೊಟ್ಟಿರುವ ಗಡುವು 3 ವರ್ಷ. ಬಾಲ್ಯವಿವಾಹ ನಡೆಸಿದವರ ಮೇಲಣ ಮೊಕದ್ದಮೆಗೂ ಸಾಮಾನ್ಯವಾಗಿ ಅಷ್ಟೇ. 2006ರ ಕಾಯಿದೆಯಲ್ಲಿ ಗರಿಷ್ಠ ಶಿಕ್ಷೆ 2 ವರ್ಷವಾದುದರಿಂದ ಈ ಮಿತಿ. ಸೇಡಂ, ಚಿಂಚೋಳಿಯ ಸೀಮೆಯಲ್ಲಿ 14ನೆಯ ವಯಸ್ಸಿಗೆ ಧಾರೆಯೆರೆದುಕೊಟ್ಟ ಬಾಲೆ ವಯಸ್ಕಳಾಗುವ ಮೊದಲೇ ಅದು ತೀರುತ್ತದೆ. ಅಷ್ಟು ಕಾಲವೂ ಅವಳು ಇರುವುದು ಆಪಾದಿತರ ಮನೆಯಲ್ಲೇ! ನ್ಯಾಯಹಿತಕ್ಕಾಗಿ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕುಂಟು. ಅವಳ ಪರವಾಗಿ ಬೇಡುವವರಾರು?

ಕಾಲ ಕಳೆದಂತೆ ಸಾಕ್ಷ್ಯ ಮಾಸುವುದೆಂಬ ವಾದ ಬೀದಿಜಗಳಕ್ಕೆ ಒಪ್ಪೀತು. ಇಲ್ಲಿ ಶಾಲೆಯ ದಾಖಲೆಯಲ್ಲಿ ಜನ್ಮದಿನವೂ ಕಲ್ಯಾಣಮಂಟಪದ ರಸೀದಿಯಲ್ಲಿ ಮದುವೆಯ ದಿನವೂ ಉಳಿದಿರುತ್ತವೆ.

ಅವಧಿ ಮೀರಿದ ಸಾಲವನ್ನೂ ತೀರಿಸುವ ವರ್ತಕನನ್ನು ಪೇಟೆ ಗೌರವಿಸುತ್ತದೆ. ವಯಸ್ಸಿನ ದಾಖಲೆ ಕೇಳದೆ ಮಂಟಪ ಕೊಟ್ಟ ಟ್ರಸ್ಟು 3 ವರ್ಷ ಕಳೆದೊಡನೆ ಋಣಮುಕ್ತವಾದೀತೆ?