ಬರಿ ಯಾವುದು ಎಂದು ಕೇಳಿದಾಗ



ಧಮ್ಮ ಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಸಮ್ಯಕ್ ವಾಣಿಯ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡು ಎರಡು ತಿಂಗಳಾಯಿತು. ಬರೆಯಲು ಕೂತಾಗೆಲ್ಲ ಒಂದು ಊಟದ ಮೇಜು ನೆನಪಾಗಿ ಕೈ ನಿಲ್ಲುತ್ತಿತ್ತು. ಆದ್ದರಿಂದ ಆ ಮೇಜಿನ ಕತೆಯನ್ನೇ ಹೇಳಿಬಿಡುತ್ತೇನೆ.

ನನ್ನ ದೊಡ್ಡಮ್ಮನ ಮಗ ಇಪ್ಪತ್ತು ವರ್ಷದಿಂದ ದುಬೈಯಲ್ಲಿದ್ದಾರೆ. ಅವರ ಮಗಳ ಮದುವೆ ಶ್ರೀಲಂಕಾದ ಬೆಂತೋಟದಲ್ಲಿ, ಕಡಲ ಬದಿಯ ಒಂದು ಹೋಟೆಲಿನಲ್ಲಿ ನಡೆಯಿತು. ಈಗ ಇದಕ್ಕೆ ಡೆಸ್ಟಿನೇಷನ್ ವೆಡ್ಡಿಂಗ್ ಎನ್ನುತ್ತಾರೆ. ಹುಡುಗಿಯ ಊರೂ ಅಲ್ಲ, ಹುಡುಗನ ಊರೂ ಅಲ್ಲ, ಮೂರನೆಯ ಊರಿಗೆ ಎರಡೂ ಕಡೆಯ ದಿಬ್ಬಣ. ಹೋಟೆಲಿನ ಖರ್ಚು ಅವರದು, ವಿಮಾನದ ಟಿಕೆಟು ನಮ್ಮದು. ಹೋದದ್ದು ಅಮ್ಮ, ನಮ್ಮ ಮನೆಯವರು, ಪಿಯುಸಿ ಓದುವ ಮಗ ಮತ್ತು ನಾನು.

ಹೋಗುವ ಮೊದಲೇ ನಮ್ಮ ಬಳಗದಲ್ಲಿ ಒಬ್ಬರು ನನ್ನನ್ನು ತಡೆದು, ಟೀಚರ್, ಆಡಂಬರದ ಮದುವೆ ಬೇಡ ಎನ್ನುವವರು ನೀವೇ ಅಲ್ಲವಾ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಕೋಲಿಯರ ದೀಘಜಾಣು ಗೃಹಸ್ಥರ ಸುಖಕ್ಕೆ ದಾರಿ ಕೇಳಿದಾಗ ಭಗವಾನರು ವರಮಾನ ನೋಡಿ ಖರ್ಚು ಮಾಡುವ ಸಮಜೀವಿಕೆಯ ಮಾತು ಹೇಳಿದರು. ಅಳತೆ ಮೀರಿ ಖರ್ಚು ಮಾಡುವವನನ್ನು ನಾಲ್ಕು ಹಣ್ಣಿಗಾಗಿ ಇಡೀ ಅತ್ತಿಮರ ಅಲ್ಲಾಡಿಸುವವನಿಗೆ ಹೋಲಿಸಿದರು. ಅನಾಥಪಿಂಡಿಕನಿಗೆ ಹೇಳಿದ ನಾಲ್ಕು ಸುಖಗಳಲ್ಲಿ ಸಾಲವಿಲ್ಲದ ಸುಖವೂ ಒಂದು. ನಾವು ಸೊಸೈಟಿ ಸಾಲ ಮಾಡಲಿಲ್ಲ, ಆದರೆ ಮಗನ ಹೆಸರಿನ ಆರ್‌ಡಿ ಮುರಿದೆವು. ಅದು ಸರಿಯೆಂದು ವಾದಿಸಲಾರೆ.

ಆದರೆ ಇನ್ನೊಂದು ಮಾತೂ ಉಂಟು. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ನಿಜಾಂಪುರದಲ್ಲಿ ನಮ್ಮವರ ಒಬ್ಬ ಹುಡುಗ ತನ್ನ ಮದುವೆಯ ಮೆರವಣಿಗೆ ಮೇಲ್ಜಾತಿಯವರ ಬೀದಿಯಲ್ಲಿ ಹೋಗಬೇಕೆಂದದ್ದಕ್ಕೆ ಹೈಕೋರ್ಟಿನವರೆಗೆ ಅಲೆಯಬೇಕಾಯಿತು. ಕೊನೆಗೆ ಪೊಲೀಸ್ ಪಹರೆಯಲ್ಲಿ ದಿಬ್ಬಣ ಹೋಯಿತು. ಕುದುರೆ ಹತ್ತಲು ಬಿಡದವರ ಮಕ್ಕಳು ವಿಮಾನ ಹತ್ತಿದರೆ ಅದನ್ನು ಆಡಂಬರ ಎಂದು ಮಾತ್ರ ಕರೆಯಲು ನನಗೆ ಬಾಯಿ ಬರುವುದಿಲ್ಲ. ಬೀಡಿ ಕಟ್ಟಿ ನನ್ನನ್ನು ಎಂ.ಎ. ಓದಿಸಿದ ಅಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಹುಟ್ಟಿದ ದಿನ ಜನವರಿ 1. ಆಧಾರ್‌ನಲ್ಲಿ ಹಾಗಿದೆ, ಅವರ ಪ್ರಾಯದ ಅರ್ಧ ಊರು ಹುಟ್ಟಿದ್ದೇ ಜನವರಿ ಒಂದಕ್ಕೆ. ಪಾಸ್‌ಪೋರ್ಟನ್ನು ಸೀರೆಯ ಪೆಟ್ಟಿಗೆಯಲ್ಲಿ ಇಟ್ಟು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದರು.

ಹೊರಡುವ ಹಿಂದಿನ ರಾತ್ರಿ ಅಣ್ಣನ ಫೋನ್ ಬಂತು. ಹುಡುಗನ ಮನೆಯವರು ಕರಾವಳಿಯವರೇ, ಬೇರೆ ಜಾತಿ, ಅದು ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದು ಆ ರಾತ್ರಿ ಗೊತ್ತಾಯಿತು. ಹುಡುಗನಿಗೆ ಗೊತ್ತು, ಅವನ ಅಪ್ಪ ಅಮ್ಮನಿಗೂ ಗೊತ್ತು, ಅವರ ಸಂಬಂಧಿಕರಿಗೆ ನಾವು ಯಾರೆಂದು ಹೇಳಿಲ್ಲ. ಮಂಗಳೂರಿನಲ್ಲಿ ಮದುವೆ ಆದರೆ ಹಾಲ್‌ಗೆ ಬಂದವರು ವಿಚಾರಿಸುತ್ತಾರೆ, ಲಂಕೆಯಲ್ಲಾದರೆ ಎಂಬತ್ತೇ ಜನ. ಕಡಲತೀರ, ಸೂರ್ಯಾಸ್ತ, ಫೋಟೋ ಎಲ್ಲ ಆಮೇಲೆ ಸೇರಿಕೊಂಡದ್ದು. "ಅಲ್ಲಿ ಹೆಚ್ಚು ಮಾತಾಡ್ಲಿಕ್ಕೆ ಹೋಗ್ಬೇಡಿ. ಆ ಭೀಮನ ಪಿನ್ನು ಗಿನ್ನು ಹಾಕ್ಕೊಂಡು ಬರ್ಬೇಡಿ, ಮಗಳ ಜೀವನದ ಪ್ರಶ್ನೆ" ಅಂದರು. ಅಣ್ಣನ ಸ್ವರ ನಡುಗುತ್ತಿತ್ತು. ನಾನು ಆಯಿತು ಅಂದೆ. ಅಮ್ಮನಿಗೆ ಹೇಳಲಿಲ್ಲ.

ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟ. ಮಗ ಕಿಟಕಿಗೆ ಅಂಟಿಕೊಂಡಿದ್ದ, ನನ್ನ ತಲೆಯಲ್ಲಿ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓಡುತ್ತಿತ್ತು. ನಾವು ಸಭೆಯಲ್ಲಿ ಓದಿದ್ದೇವೆ. 1901ರಲ್ಲಿ ಮಕ್ಕಳು ಹೊಸ ಬಟ್ಟೆ ತೊಟ್ಟು, ರೈಲು ಹತ್ತಿ, ಅಪ್ಪನನ್ನು ನೋಡಲು ಹೊರಟ ಕತೆ. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳನ್ನು ಸ್ಟೇಷನ್ ಮಾಸ್ತರರು ಪ್ರೀತಿಯಿಂದಲೇ ಮಾತಾಡಿಸಿದರು. ಯಾರು ನೀವು ಎಂದಾಗ ಹುಡುಗ ಭೀಮ ಯೋಚಿಸದೆ ಮಹಾರರು ಎಂದುಬಿಟ್ಟ. ಮಾಸ್ತರರ ಮುಖ ಬದಲಾಯಿತು. ಎರಡರಷ್ಟು ಬಾಡಿಗೆ ಕೊಟ್ಟು ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಅದೇ ರಾತ್ರಿ ಸುಂಕದ ಕಟ್ಟೆಯಲ್ಲಿ ನೀರಿಗಾಗಿ ಅದೇ ಹುಡುಗ ತಾನು ಮುಸಲ್ಮಾನನೆಂದು ಹೇಳಿದ, ಆದರೂ ನೀರು ಸಿಗಲಿಲ್ಲ. ಮುಂದೆ ಅಮೆರಿಕದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು.

ಬಾಬಾಸಾಹೇಬರೂ ಮರೆಮಾಚಿದ್ದರು ಎಂದು ನಾನು ಆ ಸೀಟಿನಲ್ಲಿ ಕೂತು ಸಮಾಧಾನ ಹುಡುಕುತ್ತಿದ್ದೆ, ನಿಜ ಹೇಳಬೇಕಲ್ಲ.

ಬೆಂತೋಟದ ರಸ್ತೆ ನೋಡಿ ಅಮ್ಮ "ಇದು ನಮ್ಮ ಉಳ್ಳಾಲವೇ ಅಲ್ವಾ" ಅಂದರು. ತೆಂಗು, ಹೆಂಚಿನ ಮನೆ, ಉಪ್ಪುಗಾಳಿ. ಹೋಟೆಲಿನ ಮುಂಬಾಗಿಲಲ್ಲಿ ಒಂದು ಬುದ್ಧ ವಿಗ್ರಹ ಇತ್ತು. ನಮ್ಮ ದಿಬ್ಬಣದ ಹುಡುಗಿಯರು ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಲು ಹೋದಾಗ ಕೆಲಸದ ಹುಡುಗ ಓಡಿಬಂದು ಕೈಮುಗಿದು ತಡೆದ. ಆ ದೇಶದಲ್ಲಿ ಅದು ದೊಡ್ಡ ಅಪಚಾರ. ಮೆಹೆಂದಿಯ ದಿನ ಹುಣ್ಣಿಮೆ ಬಿದ್ದಿತ್ತು. ಅಲ್ಲಿ ಹುಣ್ಣಿಮೆ ಎಂದರೆ ಪೋಯ, ದೇಶದಲ್ಲೆಲ್ಲೂ ಮದ್ಯ ಮಾರುವಂತಿಲ್ಲ. ಪಂಚಾಂಗ ನೋಡಿ ಮುಹೂರ್ತ ಇಟ್ಟವರು ಆ ಪಂಚಾಂಗ ನೋಡಿರಲಿಲ್ಲ. ಬಾರ್ ಮುಚ್ಚಿದ್ದನ್ನು ಕಂಡು ಹುಡುಗನ ಮಾವಂದಿರ ಮುಖ ಹೇಗಾಗಿತ್ತೆಂದರೆ, ಬಿಡಿ, ನಾನು ಪಂಚಶೀಲದವಳು, ನಗಬಾರದು.

ಮದುವೆ ಹುಡುಗನ ಕಡೆಯ ಭಟ್ಟರಿಂದ ಆಯಿತು. ತ್ರಿಸರಣ ಪಂಚಶೀಲ ಐದು ನಿಮಿಷ ಸಾಕು, ಬುದ್ಧರ ಮತ್ತು ಬಾಬಾಸಾಹೇಬರ ಫೋಟೋ ನಾನು ಚೀಲದಲ್ಲಿ ತಂದಿದ್ದೆ. ಸಮಯವಿಲ್ಲ ಎಂದರು. ಬೌದ್ಧರ ಮನೆಯ ಮದುವೆ, ಬೌದ್ಧರ ದೇಶ, ವಂದನೆ ಇಲ್ಲ. ಅಮ್ಮ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮುಂಬಾಗಿಲ ವಿಗ್ರಹದ ಎದುರು ಕೂತು ತಾವೇ ವಂದನೆ ಹೇಳಿಕೊಂಡರು. ಹೂವಿಡಲು ಬಂದ ಅದೇ ಹುಡುಗ ನಿಂತು ದನಿಗೂಡಿಸಿದ. ಅವನಿಗೆ ಕನ್ನಡ ಬಾರದು, ಅಮ್ಮನಿಗೆ ಸಿಂಹಳ ಬಾರದು, ಪಾಳಿ ಇಬ್ಬರಿಗೂ ಬಾಯಿಪಾಠ.

ಆ ಸಂತೋಷ ತಿಂಡಿಯವರೆಗೆ ಉಳಿಯಿತು. ಅಲ್ಲಿದ್ದ ಭಾನುವಾರದ ಇಂಗ್ಲಿಷ್ ಪತ್ರಿಕೆಯಲ್ಲಿ ಮಗ ವಧೂವರರ ಜಾಹೀರಾತು ತೋರಿಸಿದ. ಗೋವಿ ಬೌದ್ಧ ತಂದೆತಾಯಿ ವರನನ್ನು ಹುಡುಕುತ್ತಿದ್ದಾರೆ. ಗೋವಿ ಎಂದರೆ ಗೋವಿಗಮ, ಅಲ್ಲಿಯ ಮೇಲಿನ ಜಾತಿ. ಅಲ್ಲಿಯ ಸಿಯಾಮ್ ನಿಕಾಯದಲ್ಲಿ ಆ ಜಾತಿಯವರಿಗೆ ಮಾತ್ರ ಭಿಕ್ಷು ದೀಕ್ಷೆ ಎಂಬ ಕಟ್ಟಳೆ ಬೆಳೆದುಬಂದದ್ದನ್ನೂ, ಬಿಟ್ಟುಹೋದ ಜಾತಿಯವರು ಬರ್ಮಾಕ್ಕೆ ಹೋಗಿ ದೀಕ್ಷೆ ತಂದು ಅಮರಪುರ ನಿಕಾಯ ಕಟ್ಟಿದ್ದನ್ನೂ ಓದಿದ್ದೆ. ಓದುವುದು ಬೇರೆ, ಇಡ್ಲಿ ತಿನ್ನುತ್ತಾ ಜಾಹೀರಾತಿನಲ್ಲಿ ನೋಡುವುದು ಬೇರೆ. 1950ರಲ್ಲಿ ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನಕ್ಕೆಂದು ಸವಿತಾ ಅವರೊಂದಿಗೆ ಇದೇ ದ್ವೀಪಕ್ಕೆ ಬಂದಿದ್ದರು. ಆರು ವರ್ಷದ ಮೇಲೆ ನಾಗಪುರದಲ್ಲಿ ಅವರು ಕೊಟ್ಟ ದೀಕ್ಷೆಗೆ 22 ಪ್ರತಿಜ್ಞೆಗಳು ಯಾಕೆ ಬೇಕಾದವು ಎಂಬುದು ನನಗೆ ಆ ತಿಂಡಿಯ ಹೊತ್ತಿಗೆ ಸ್ವಲ್ಪ ಹೆಚ್ಚು ಅರ್ಥವಾಯಿತು.

ಇನ್ನು ಆ ಮೇಜು. ಕೊನೆಯ ರಾತ್ರಿಯ ಊಟ. ಹುಡುಗನ ಸೋದರತ್ತೆ, ಅಮ್ಮನ ಪ್ರಾಯದವರು, ನಮ್ಮ ಮೇಜಿಗೆ ಬಂದು ಕೂತರು. ಒಳ್ಳೆಯವರೇ. ಅಮ್ಮನಿಗೆ ಮೀನು ಬಡಿಸಿದರು, ಮುಳ್ಳು ಉಂಟು ನೋಡಿ ಅಂದರು. ಆಮೇಲೆ ತುಳುವಿನಲ್ಲಿ ಕೇಳಿದರು, ನಿಮ್ಮ ಬರಿ ಯಾವುದು?

ಘಟ್ಟದ ಮೇಲಿನ ಬಂಧುಗಳಿಗಾಗಿ ಹೇಳುತ್ತೇನೆ, ಬರಿ ಎಂದರೆ ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಬಳಿ. ಬರಿಯಿಂದ ಶುರುವಾದ ಮಾತು ಮೂರು ನಾಲ್ಕನೆಯ ಪ್ರಶ್ನೆಗೆ ಜಾತಿಗೆ ತಲುಪುತ್ತದೆ. ಅಮ್ಮ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. "ನಾವು ಮಂಗಳೂರಿನವರೇ, ನಾನು ಟೀಚರು, ಇವರು ಬ್ಯಾಂಕಿನಲ್ಲಿ."

ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಮುಸಾವಾದ ಆಗಬೇಕಾದರೆ ಹೇಳಿದ್ದು ಸುಳ್ಳಾಗಿರಬೇಕು, ಮೋಸದ ಉದ್ದೇಶ ಇರಬೇಕು, ಹೇಳುವ ಪ್ರಯತ್ನ ಇರಬೇಕು, ಕೇಳಿದವರಿಗೆ ಅರ್ಥವಾಗಬೇಕು, ಹೀಗೆ ನಾಲ್ಕು ಅಂಗಗಳನ್ನು ಅಟ್ಟಕಥೆಗಳು ಎಣಿಸುತ್ತವೆ. ಮೊದಲನೆಯದೇ ಇಲ್ಲದ್ದರಿಂದ ಆ ಪರೀಕ್ಷೆಯಲ್ಲಿ ನಾನು ಪಾಸು. ಆದರೆ ಉದ್ದೇಶದ ಅಂಗ ಪೂರ್ತಿ ಇತ್ತು. ನಿಜವಾದ ಮಾತುಗಳನ್ನೇ ಒಟ್ಟುಮಾಡಿ ಗೋಡೆ ಕಟ್ಟಿದ್ದೆ.

ಅಮ್ಮ ಚಮಚ ಕೆಳಗಿಟ್ಟರು. "ನಾವು ಬೌದ್ಧರು. ಅದಕ್ಕೆ ಮೊದಲು ಏನು ಅಂತ ಕೇಳುದಾದ್ರೆ ಅದೂ ಹೇಳ್ತೇನೆ" ಎಂದು ಜಾತಿಯ ಹೆಸರು ಹೇಳಿಯೇಬಿಟ್ಟರು, ಮಾರ್ಕೆಟಿನಲ್ಲಿ ಬೂತಾಯಿಯ ಕ್ರಯ ಹೇಳುವಷ್ಟು ಸಲೀಸಾಗಿ. ಆ ಅತ್ತೆ ಸ್ವಲ್ಪ ಹೊತ್ತು ತಟ್ಟೆ ನೋಡಿದರು. ಎದ್ದು ಹೋಗಲಿಲ್ಲ. ಮೀನು ಸಪ್ಪೆ ಅಲ್ವಾ ಎಂದು ಯಾರಿಗೋ ಹೇಳಿದಂತೆ ಹೇಳಿದರು. ಮರುದಿನ ವಿಮಾನ ನಿಲ್ದಾಣದ ಬಸ್ಸಿನಲ್ಲಿ ಅವರು ಬೇರೆ ಸಾಲಿನಲ್ಲಿ ಕೂತಿದ್ದರು. ಅದಕ್ಕೆ ಕಾರಣ ಅದೇನಾ, ಬರೀ ಸೀಟಿನ ವಿಷಯವಾ, ನನಗೆ ತಿಳಿಯದು. ಹೀಗೆ ತಿಳಿಯದೆ ಲೆಕ್ಕ ಹಾಕುತ್ತಾ ಕೂರುವುದೂ ನಮ್ಮ ಪಾಲಿಗೇ ಬಂದ ಕೆಲಸ.

ಸುಂದರಿಕಾ ನದಿಯ ದಡದಲ್ಲಿ ಹೋಮ ಮುಗಿಸಿದ ಭಾರದ್ವಾಜನು ಉಳಿದ ಹವಿಸ್ಸನ್ನು ಯಾರಿಗೆ ಕೊಡಲಿ ಎಂದು ನೋಡುವಾಗ, ತಲೆಗೆ ಮುಸುಕು ಹಾಕಿ ಕೂತ ಭಗವಾನರು ಕಂಡರು. ಹತ್ತಿರ ಬಂದು ಹುಟ್ಟು ಯಾವುದೆಂದು ಕೇಳಿದ. ಹುಟ್ಟನ್ನಲ್ಲ, ನಡತೆಯನ್ನು ಕೇಳು, ಬೆಂಕಿ ಯಾವ ಕಟ್ಟಿಗೆಯಿಂದಲೂ ಹುಟ್ಟುತ್ತದೆ ಎಂಬ ಅರ್ಥದ ಉತ್ತರ ಸಿಕ್ಕಿತು. ಈ ಸುತ್ತವನ್ನು ನಾನು ಎಷ್ಟೋ ಸಲ ಓದಿ ಹೇಳಿದ್ದೇನೆ. ಆ ಮೇಜಿನಲ್ಲಿ ಇದನ್ನೇ ಹೇಳಬಹುದಿತ್ತಲ್ಲ ಎಂದು ಆಮೇಲೆ ಅನಿಸಿತು. ಆದರೆ ಯೋಚಿಸಿದಷ್ಟೂ ಅದು ನನಗೆ ಒಗ್ಗುವ ಉತ್ತರವಲ್ಲ ಎನಿಸುತ್ತದೆ. ಶಾಕ್ಯ ಕುಲದವರು ಹುಟ್ಟು ಕೇಳಬೇಡ ಎಂದಾಗ ಅವರು ಕಳೆದುಕೊಂಡದ್ದು ಒಂದು ಹಿರಿಮೆಯನ್ನು. ನಾನು ಅದೇ ಮಾತು ಹೇಳಿದರೆ ಕೇಳಿದವರಿಗೆ ಕೇಳಿಸುವುದು ಮುಚ್ಚಿಡುವ ಮಾತು. ಒಂದೇ ವಾಕ್ಯ ಒಬ್ಬರ ಬಾಯಲ್ಲಿ ತ್ಯಾಗ, ಇನ್ನೊಬ್ಬರ ಬಾಯಲ್ಲಿ ಹೆದರಿಕೆ. ನಮ್ಮಂಥವರು ಮೊದಲು ಹೆಸರು ಹೇಳಿ, ಆಮೇಲೆ ಹುಟ್ಟು ಕೇಳಬೇಡಿ ಅನ್ನಬೇಕೇನೋ. ಅಮ್ಮ ಮಾಡಿದ್ದು ಅದನ್ನೇ, ಸುತ್ತ ಗಿತ್ತ ಓದದೆ.

ಹಾಗಂತ ಅಣ್ಣನನ್ನು ಹಳಿಯಲು ನನಗೆ ಮನಸ್ಸಿಲ್ಲ. ದೊಣ್ಣೆ ಹಿಡಿದು ಬರುವವರ ಎದುರು ಯಾರೂ ಸತ್ಯದ ಸಾಲಗಾರರಲ್ಲ. ಬರೋಡಾದಲ್ಲಿ ಬಾಬಾಸಾಹೇಬರಿಗೆ ಬೇರೆ ಸೂರೇ ಇರಲಿಲ್ಲ. ಅಭಯ ರಾಜಕುಮಾರನಿಗೆ ಭಗವಾನರು ಹೇಳಿದ್ದೂ ಅದೇ, ಮಾತು ಸತ್ಯವಾಗಿದ್ದರಷ್ಟೇ ಸಾಲದು, ಹಿತವೂ ಆಗಬೇಕು, ಹೊತ್ತೂ ನೋಡಬೇಕು. ಆದರೆ ಬಾಬಾಸಾಹೇಬರು ಆ ಪಾರ್ಸಿ ಹೆಸರಿನ ಕತೆಯನ್ನು ತಾವೇ ಬರೆದಿಟ್ಟರು. ನಾವು ಬಚ್ಚಿಟ್ಟದ್ದನ್ನು ಯಾರಿಗೆ ಹೇಳುತ್ತೇವೆ? ಜಾತಿ ವಿನಾಶಕ್ಕೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಎಂದು ಅವರು 1936ರಲ್ಲಿ ಬರೆದರು. ಜಾತಿಯ ಹೆಸರೇ ಎತ್ತದೆ ಕಡಲು ದಾಟಿ ಮಾಡಿದ ಈ ಮದುವೆಯಿಂದ ಯಾವ ಜಾತಿ ಎಷ್ಟು ನಾಶವಾಯಿತು ಎಂದು ಲೆಕ್ಕ ಹಾಕಿದರೆ ನನಗೆ ಸೊನ್ನೆ ಬರುತ್ತದೆ. ನಮ್ಮೂರಿನ ಕುದ್ಮುಲ್ ರಂಗರಾಯರು 1912ರಲ್ಲಿ ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ, ಬೇರೆ ಭಾಷೆಯ ಸುಬ್ಬರಾಯನ್ ಅವರಿಗೆ ಕೊಟ್ಟರು. ನಮ್ಮ ಮಕ್ಕಳಿಗಾಗಿ ಶಾಲೆ ತೆರೆದು ಆ ಮೊದಲೇ ಅವರು ಸ್ವಜಾತಿಯವರಿಂದ ದೂರವಾಗಿದ್ದರು. ಮೇಲಿನವರು ಕೆಳಗೆ ಕೈ ಚಾಚುವಾಗ ಕಳೆದುಕೊಳ್ಳುವುದೂ ನಮ್ಮ ಹುಡುಗಿ ಕಳೆದುಕೊಳ್ಳಬಹುದಾದದ್ದೂ ಒಂದೇ ಅಲ್ಲ, ಅದೂ ಗೊತ್ತು.

ನನ್ನನ್ನು ಕಾಡುವುದು ಮಗನ ಪ್ರಶ್ನೆ. ಕೊಲಂಬೊ ವಿಮಾನ ನಿಲ್ದಾಣದಲ್ಲಿ ಕೇಳಿದ, "ಅಜ್ಜಿ ಹೇಳಿದ್ರಲ್ಲ, ನೀನು ಯಾಕೆ ಬ್ಯಾಂಕಿನ ವಿಷಯ ಹೇಳಿದ್ದು?" ಅಕ್ಕನ ಮದುವೆ ಕೆಡಬಾರದು ಅಂತ ಅಂದೆ. ಅವನು ಸ್ವಲ್ಪ ಯೋಚಿಸಿ, "ಮದುವೆ ಮೊನ್ನೆಯೇ ಆಗಿತ್ತಲ್ಲ" ಅಂದ. ಹೌದು, ಆಗಿತ್ತು. ನಾನು ಆಗ ಕಾಪಾಡಿದ್ದು ಹುಡುಗಿಯನ್ನಲ್ಲ, ಎಂ.ಎ. ಓದಿದ ಟೀಚರೊಬ್ಬಳು ಆ ಮೇಜಿನಲ್ಲಿ ಸಮನಾಗಿ ಕೂತಿದ್ದ ಅರ್ಧ ಗಂಟೆಯನ್ನು.

ಅಣ್ಣ ಒಂದು ತಿಂಗಳು ಫೋನ್ ಮಾಡಲಿಲ್ಲ. ಮೊನ್ನೆ ಮಾಡಿದರು. ಮದುಮಕ್ಕಳು ಮುಂದಿನ ತಿಂಗಳು ಊರಿಗೆ ಬರುತ್ತಾರೆ, ನಮ್ಮ ಮನೆಗೂ ಊಟಕ್ಕೆ ಬರಬೇಕೆಂದು ಹುಡುಗನೇ ಹೇಳಿದ್ದಾನಂತೆ. ಅವನ ಸೋದರತ್ತೆ ಬರುತ್ತಾರಾ ಎಂದು ನಾನು ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ. ಅಮ್ಮ ಕೋರಿ ರೊಟ್ಟಿ ಮಾಡುವುದೆಂದು ನಿಶ್ಚಯಿಸಿದ್ದಾರೆ. ರೊಟ್ಟಿ ಎಷ್ಟು ಪ್ಯಾಕೆಟ್ ತರಲಿ ಎಂದರೆ, ಒಂದು ಹೆಚ್ಚೇ ಇರಲಿ ಅಂದರು.

ಜೈ ಭೀಮ್.