ಮೊಬೈಲು ನಮ್ಮ ಕೈಯಲ್ಲೋ, ನಾವು ಅದರ ಕೈಯಲ್ಲೋ?



ಬೈಲಹೊಂಗಲದ ಕಡೆಯ ತಾಯಿಯೊಬ್ಬರು ಒಂದು ಭಾನುವಾರ ಬಲಿಪೂಜೆಯ ನಂತರ ನನ್ನ ಬಳಿ ಬಂದು ಕಣ್ಣೀರಿಟ್ಟರು. "ಫಾದರ್, ನಮ್ಮ ಹುಡುಗಗ ಏನಾಗೇತೋ ತಿಳೀವಲ್ದರಿ. ರಾತ್ರಿ ಎರಡರ ತನಕ ಮೊಬೈಲ್ ನೋಡ್ತಾನ್ರಿ. ಕಸಗೊಂಡ್ರ ಊಟಾ ಬಿಡ್ತಾನ್ರಿ." ಅವರು ಹೇಳುತ್ತಿರುವಾಗಲೇ ನನ್ನ ಜೇಬಿನ ಫೋನು ಸದ್ದು ಮಾಡಿತು. ಅರಿವಿಲ್ಲದೆ ನನ್ನ ಕೈ ಅತ್ತ ಹೋಯಿತು. ಆ ತಾಯಿ ಮಾತು ನಿಲ್ಲಿಸಿದರು. ನನಗೆ ನಾಚಿಕೆಯಾಯಿತು. ಆದುದರಿಂದ ಇಂದು ಮಕ್ಕಳ ಬಗ್ಗೆ ಬರೆಯುವುದನ್ನು ನನಗೂ ಹೇಳಿಕೊಳ್ಳುತ್ತಿದ್ದೇನೆ.

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ, ಪಾಠ ತಪ್ಪಬಾರದೆಂದು ಎಷ್ಟೋ ತಂದೆತಾಯಂದಿರು ಸಾಲ ಮಾಡಿ ಮಕ್ಕಳಿಗೆ ಮೊಬೈಲು ಕೊಡಿಸಿದರು. ಶಾಲೆ ತೆರೆಯಿತು, ಮೊಬೈಲು ಮಾತ್ರ ಕೈಬಿಡಲಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಾಲೇಜಿಗೆ ಹಳ್ಳಿಗಳಿಂದ ಬರುವ ಬಸ್ಸು ಹತ್ತಿ ನೋಡಿರಿ: ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡೇ ಕುಳಿತಿರುತ್ತಾರೆ, ಮಾತು ಮಾತ್ರ ಇಲ್ಲ.

ಮಗುವನ್ನು ಬೈಯುವ ಮೊದಲು ಒಂದು ಸಂಗತಿ ತಿಳಿಯೋಣ. ಪುಸ್ತಕಕ್ಕೆ ಕೊನೆಯ ಪುಟವಿದೆ, ಇನ್‌ಸ್ಟಾಗ್ರಾಮಿಗೆ ಇಲ್ಲ. ಬೆರಳು ಸರಿಸಿದಷ್ಟೂ ಹೊಸದು ಬರುತ್ತಲೇ ಇರುವ ಈ ವಿಧಾನವನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಏಜಾ ರಾಸ್ಕಿನ್. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಮ್ಮ ಹುಡುಗ ಸೋಮಾರಿಯೆಂದು ಸೋಲುತ್ತಿಲ್ಲ; ಬಿಡದಂತೆ ಹಿಡಿಯಲೆಂದೇ ಕಟ್ಟಿದ ಬಲೆಯಲ್ಲಿ ಸೋಲುತ್ತಿದ್ದಾನೆ.

ಹೆಚ್ಚು ನೋಡುವುದೆಲ್ಲ ಚಟವಲ್ಲ. ಆದರೆ ನಿದ್ದೆ ಕೆಟ್ಟರೆ, ಅಂಕ ಇಳಿದರೆ, ಆಟ ಮತ್ತು ಗೆಳೆಯರು ಬೇಡವಾದರೆ, ಎಷ್ಟು ಹೊತ್ತು ನೋಡಿದೆನೆಂದು ಸುಳ್ಳು ಹೇಳಿದರೆ, ಕಿತ್ತುಕೊಂಡರೆ ಸಿಟ್ಟಿಗೆದ್ದರೆ, ತಾನೇ ಬಿಡಬೇಕೆಂದರೂ ಬಿಡಲಾಗದಿದ್ದರೆ, ಎಚ್ಚರಗೊಳ್ಳಬೇಕು.

ಸಂತ ಥಾಮಸ್ ಅಕ್ವಿನಾಸರು ಎರಡನ್ನು ಬೇರೆ ಮಾಡಿ ತೋರಿಸಿದರು. ಸತ್ಯವನ್ನು ಶ್ರಮಪಟ್ಟು ಅರಿಯುವ ಹಂಬಲ ಸದ್ಗುಣ. ಗುರಿಯಿಲ್ಲದೆ ಕಂಡದ್ದರ ಹಿಂದೆಲ್ಲ ಓಡುವ ಕುತೂಹಲ ದುರ್ಗುಣ. ಒಂದೇ ಮೊಬೈಲಿನಲ್ಲಿ ಎರಡೂ ಸಾಧ್ಯ. ಲೆಕ್ಕದ ಪಾಠ ನೋಡಲು ತೆರೆದವನು ಅರ್ಧ ತಾಸಿನ ಮೇಲೆ ಎಲ್ಲಿರುತ್ತಾನೆಂಬುದೇ ಪ್ರಶ್ನೆ.

ಕಫೆರ್ನವುಮಿನಲ್ಲಿ ಪ್ರಭು ಯೇಸು ಅನೇಕ ರೋಗಿಗಳನ್ನು ಗುಣಪಡಿಸಿದ ಮರುದಿನ ಏನಾಯಿತೆಂದು ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ನಸುಕಿನಲ್ಲೇ ಎದ್ದು ಅವರು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಸೀಮೋನನು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಅರಸುತ್ತಿದ್ದಾರೆಂದ. ಯೇಸು ಆ ಮೆಚ್ಚುಗೆಗೆ ಹಿಂತಿರುಗಲಿಲ್ಲ; ತಮ್ಮ ಕಾರ್ಯಕ್ಕಾಗಿ ಮುಂದಿನ ಊರಿಗೆ ಹೊರಟರು. ನಾವೋ, ಎದ್ದ ಕೂಡಲೇ ನಮ್ಮನ್ನು ಎಷ್ಟು ಜನ ಅರಸಿದರೆಂದು ಮೊಬೈಲಿನಲ್ಲಿ ಎಣಿಸುತ್ತೇವೆ. ತಂದೆಯ ಪ್ರೀತಿಯಲ್ಲಿ ನೆಲೆನಿಂತವನಿಗೆ ಲೈಕುಗಳ ಎಣಿಕೆ ಬೇಕಿಲ್ಲ. ಮನೆಯಲ್ಲಿ ಮೆಚ್ಚುಗೆಯ ಮಾತು ಕೇಳದ ಮಗು ಅದನ್ನು ಬೇರೆಡೆ ಹುಡುಕುತ್ತದೆ.

ಮಲಪ್ರಭೆಯ ನೀರಿಗೆ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಅಲ್ಲಿಂದ ಕಾಲುವೆಗೆ ಅಳತೆಯಿಂದ ಬಿಟ್ಟ ನೀರು ಹೊಲ ಹಸಿರಾಗಿಸುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದಾಗ ರಾಮದುರ್ಗದ ಜನ ಪಟ್ಟ ಕಷ್ಟವನ್ನೂ ಕಂಡಿದ್ದೇವೆ. ನೀರು ಕೆಟ್ಟದ್ದಲ್ಲ, ಅಳತೆ ಬೇಕು. ನಮ್ಮ ಬೆಳಗಾವಿ ಜಿಲ್ಲೆಯ ಹಲಗಾ ಗ್ರಾಮದವರು ಇಂಥದೇ ಒಂದು ಕಟ್ಟೆ ಕಟ್ಟಿದರು: ಸಂಜೆ ಏಳಕ್ಕೆ ಸೈರನ್, ಒಂಬತ್ತರವರೆಗೆ ಟಿವಿ, ಮೊಬೈಲು ಬಂದ್. ಇಡೀ ಊರು ಮಾಡಿದ್ದನ್ನು ಒಂದು ಮನೆ ಮಾಡಲಾಗದೇ?

ಊಟದ ಹೊತ್ತಿನಲ್ಲಿ ಎಲ್ಲರ ಫೋನೂ ದೂರವಿರಲಿ, ಅಪ್ಪನದೂ ಸೇರಿ. ರಾತ್ರಿ ಫೋನುಗಳು ಅಡಿಗೆಮನೆಯಲ್ಲಿ ಮಲಗಲಿ, ಮಕ್ಕಳ ಹಾಸಿಗೆಯಲ್ಲಲ್ಲ. ಒಮ್ಮೆಲೇ ಕಸಿಯಬೇಡಿರಿ, ಮಗುವಿನೊಡನೆ ಕುಳಿತು ಹೊತ್ತು ನಿಗದಿ ಮಾಡಿರಿ, ಬಿಡುವಾದ ಹೊತ್ತಿಗೆ ಆಟವನ್ನೋ ಮಾತನ್ನೋ ಕೊಡಿರಿ. ಕೈಮೀರಿದರೆ ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆ ತಾಯಿಯ ಕ್ಷಮೆ ಕೇಳಿ, ಫೋನನ್ನು ಒಳಗಿಟ್ಟು ಬಂದು, ಅವರ ಮಾತನ್ನು ಕೊನೆಯವರೆಗೆ ಕೇಳಿದೆ. ಅವರಿಗೆ ಬೇಕಾಗಿದ್ದುದು ಮೊದಲು ಅದೇ. ನಿಮ್ಮ ಮಗುವಿಗೂ ಅದೇ ಬೇಕಾಗಿರಬಹುದು. ಇಂದು ರಾತ್ರಿ ಫೋನು ಬದಿಗಿಟ್ಟು ಅವನ ಪಕ್ಕದಲ್ಲಿ ಕುಳಿತುಕೊಳ್ಳುವಿರಾ? ಪ್ರಭು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.